ಕಂಪ್ಯೂಟರಿನೊಳಗೆ ಹೋದವನ ಕಥೆ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರಾಜೆಕ್ಟ್ ಹಾಳೆಗಳನ್ನು ಹಿಡಿದು "ಇದನ್ನು ಮಾಡಿದ್ದು ಯಾರಪ್ಪ?" ಎಂದು ಕೇಳಿದರೆ ನಿಮ್ಮಲ್ಲಿ ಹಲವರು "ಕಂಪ್ಯೂಟರ್, ಸರ್" ಎನ್ನುತ್ತೀರಿ. ಆಗೆಲ್ಲ ನನಗೆ 'ಟ್ರಾನ್' ಚಿತ್ರ ನೆನಪಾಗುತ್ತದೆ. 1982ರಲ್ಲಿ ಅಮೆರಿಕದ ಡಿಸ್ನಿ ಸಂಸ್ಥೆ ಹೊರತಂದ ಈ ಚಿತ್ರದ ನಿರ್ದೇಶಕರು ಸ್ಟೀವನ್ ಲಿಸ್ಬರ್ಗರ್.

ಕಥೆ ಇಷ್ಟೇ. ಫ್ಲಿನ್ ಎಂಬ ಯುವಕ ತಯಾರಿಸಿದ ವಿಡಿಯೋ ಆಟಗಳನ್ನು ಡಿಲಿಂಜರ್ ಎಂಬವನು ಕದ್ದು, ತನ್ನವೆಂದು ಹೇಳಿಕೊಂಡು ಕಂಪನಿಯಲ್ಲಿ ದೊಡ್ಡ ಹುದ್ದೆಗೇರುತ್ತಾನೆ. ಪುರಾವೆ ಹುಡುಕಲು ಬಂದ ಫ್ಲಿನ್‌ನನ್ನು ಕಂಪನಿಯ ಮುಖ್ಯ ಪ್ರೋಗ್ರಾಂ ಲೇಸರ್ ಕಿರಣದಿಂದ ಕಂಪ್ಯೂಟರಿನೊಳಕ್ಕೇ ಎಳೆದುಕೊಳ್ಳುತ್ತದೆ. ಅಲ್ಲಿ ಪ್ರೋಗ್ರಾಂಗಳಿಗೆ ಮನುಷ್ಯರೂಪ. ಟ್ರಾನ್ ಎಂಬ ಪ್ರೋಗ್ರಾಂಗೆ ಅದನ್ನು ಬರೆದವನದೇ ಮುಖ. ಕೊನೆಗೆ ಆಟಗಳು ಯಾರವೆಂಬ ಸತ್ಯ ಹೊರಬೀಳುತ್ತದೆ.

ನನಗೆ ಕಥೆಗಿಂತಲೂ ಅದನ್ನು ತಯಾರಿಸಿದ ಬಗೆಯೇ ಹೆಚ್ಚು ಹಿಡಿಸಿತು. ಪೂರ್ತಿ ಕಂಪ್ಯೂಟರಿನಲ್ಲೇ ರಚಿಸಿದ ದೃಶ್ಯಗಳು 15ರಿಂದ 20 ನಿಮಿಷ ಮಾತ್ರ. ಒಂದು ವಾಹನ ಎಲ್ಲಿದೆ, ಯಾವ ಕಡೆಗೆ ವಾಲಿದೆ ಎಂದು ತಿಳಿಸಲು ಪ್ರತಿ ಚಿತ್ರಕ್ಕೂ 6 ಸಂಖ್ಯೆ ಬೇಕು. ಸೆಕೆಂಡಿಗೆ 24 ಚಿತ್ರ. ಗುಣಿಸಿ ನೋಡಿ, 144! ಅಷ್ಟನ್ನೂ ಮನುಷ್ಯರೇ ಕುಳಿತು ತುಂಬಿದರು. ನಟರ ಮೈಮೇಲೆ ಹೊಳೆಯುವ ಗೆರೆಗಳಂತೂ ಅಪ್ಪಟ ಕೈಕೆಲಸ. ಕಪ್ಪು-ಬಿಳುಪಿನಲ್ಲಿ ತೆಗೆದ ಒಂದೊಂದು ಚಿತ್ರವನ್ನೂ ದೊಡ್ಡ ಫಿಲ್ಮ್ ಹಾಳೆಗಿಳಿಸಿ, ಹಿಂದಿನಿಂದ ಬಣ್ಣದ ಬೆಳಕು ಹಾಯಿಸಿದರು. ಇದಕ್ಕಾಗಿ ತೈವಾನಿನ ಕಲಾವಿದರೂ ದುಡಿದರು.

ಇಷ್ಟಾಗಿಯೂ ದೃಶ್ಯ ಪರಿಣಾಮಗಳ ಆಸ್ಕರ್‌ಗೆ ಅದು ನಾಮನಿರ್ದೇಶನಗೊಳ್ಳಲಿಲ್ಲ. ಕಂಪ್ಯೂಟರ್ ಬಳಸಿದ್ದೇ ಮೋಸವೆಂದು ಅಕಾಡೆಮಿಯವರು ಎಣಿಸಿದರೆಂದು ಲಿಸ್ಬರ್ಗರ್ ಮುಂದೆ ಹೇಳಿದ್ದುಂಟು. ದುಡಿದ ಕೈಗಳು ಯಾರಿಗೂ ಕಾಣಲಿಲ್ಲ.

ಉರ್ದು ಓದುವ ಮಕ್ಕಳೇ, ಕಂಪ್ಯೂಟರಿನಲ್ಲಿ ನೀವು ಕಾಣುವ ನೂರಿ ನಸ್ತಾಲೀಕ್ ಅಕ್ಷರವೂ ಹೀಗೆಯೇ. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಅಕ್ಷರ ಜೋಡಣೆಗಳನ್ನು ಕೈಯಿಂದ ಬರೆದ ಮೇಲೆಯೇ ಅದು ಯಂತ್ರಕ್ಕೆ ಹೋದದ್ದು.

ಇನ್ನೊಂದು ಮಾತು. ಟ್ರಾನ್‌ಗಾಗಿ ದುಡಿದ ಕೆನ್ ಪರ್ಲಿನ್ ಅವರಿಗೆ ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪು ಹಿಡಿಸಲಿಲ್ಲ. ಕಲ್ಲು, ಮೋಡಗಳ ಏರುಪೇರನ್ನು ತರುವ ಗಣಿತದ ವಿಧಾನವೊಂದನ್ನು ರೂಪಿಸಿದರು. ಅದಕ್ಕೆ 1997ರಲ್ಲಿ ಅದೇ ಅಕಾಡೆಮಿ ತಾಂತ್ರಿಕ ಪ್ರಶಸ್ತಿ ಕೊಟ್ಟಿತು.

ಬರುವ ಶನಿವಾರ ಈ ಚಿತ್ರದ ಒಂದು ಭಾಗ ತೋರಿಸುತ್ತೇನೆ. ನಿಮ್ಮ ಪ್ರಾಜೆಕ್ಟ್ ಹಾಳೆಗಳನ್ನೂ ತನ್ನಿ. ನೀವೇ ಯೋಚಿಸಿ ಬರೆದ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತನ್ನಿ. ಎರಡೇ ಸಾಲಾದರೂ ಸರಿ, ನಾನು ಬೈಯುವುದಿಲ್ಲ.