ಹಿಡಿಯಬಹುದು, ಹೊಡೆಯೋ ಹಾಗಿಲ್ಲ

ಪೊಲೀಸರು ಯಾರನ್ನೋ ಹಿಡಿದು ನಾಲ್ಕು ಬಾರಿಸೋ ವಿಡಿಯೋ ಬಂದರೆ 'ಸರಿಯಾಗೇ ಮಾಡಿದ್ರು ಬಿಡಿ' ಅನ್ನೋರೇ ಜಾಸ್ತಿ. ಕಾನೂನು ಏನು ಹೇಳುತ್ತೆ, ನೋಡೋಣ.

2024ರ ಜುಲೈ 1ರಿಂದ ಜಾರಿಗೆ ಬಂದಿರೋದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 43ನೇ ಸೆಕ್ಷನ್ ಪ್ರಕಾರ, ಮಾತಿನಲ್ಲೋ ನಡೆಯಲ್ಲೋ ನೀವು ಶರಣಾದರೆ ಬಂಧಿಸೋಕೆ ಮೈ ಮುಟ್ಟಬೇಕಾಗಿಯೇ ಇಲ್ಲ. ಬಲವಾಗಿ ತಡೆದರೆ, ತಪ್ಪಿಸಿಕೊಳ್ಳೋಕೆ ನೋಡಿದರೆ, ಬಂಧನಕ್ಕೆ ಅಗತ್ಯವಿರೋ ಬಲ ಬಳಸಬಹುದು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗೋ ಅಪರಾಧದ ಆರೋಪ ಇಲ್ಲದವರ ಜೀವ ತೆಗೆಯೋ ಹಕ್ಕನ್ನ ಆ ಸೆಕ್ಷನ್ ಕೊಡಲ್ಲ. 46ನೇ ಸೆಕ್ಷನ್ ಇನ್ನೂ ನೇರ: ಬಂಧಿತ ಓಡಿಹೋಗದಂತೆ ತಡೆಯೋಕೆ ಎಷ್ಟು ಬೇಕೋ ಅಷ್ಟೇ ನಿರ್ಬಂಧ.

ನಾನು ಇದನ್ನ ಅರ್ಥ ಮಾಡ್ಕೊಂಡಿರೋದು ಹೀಗೆ: ಸುಮ್ಮನೆ ಕೈಗೆ ಸಿಕ್ಕಿದ ಮೇಲೆ ಬೀಳೋ ಏಟು ಬಂಧನದ ಭಾಗ ಅಲ್ಲ, ಶಿಕ್ಷೆ. ಶಿಕ್ಷೆ ಕೊಡೋದು ಕೋರ್ಟ್ ಕೆಲಸ.

ಹೊಡೆದಿದ್ದಕ್ಕೆ ಸಾಕ್ಷಿ ಎಲ್ಲಿ ಅಂತೀರಾ? 53ನೇ ಸೆಕ್ಷನ್ ಇರೋದೇ ಅದಕ್ಕೆ. ಬಂಧಿಸಿದ ಮೇಲೆ ಬೇಗನೆ ವೈದ್ಯಕೀಯ ತಪಾಸಣೆ ಆಗಬೇಕು. ಗಾಯ, ಬಾಸುಂಡೆ ಇದ್ದರೆ ಅದು ಸುಮಾರು ಯಾವಾಗ ಆಗಿದ್ದು ಅಂತಲೂ ವೈದ್ಯರು ಬರೆಯಬೇಕು. ವರದಿಯ ಪ್ರತಿಯನ್ನ ಬಂಧಿತರಿಗೆ ಅಥವಾ ಅವರು ಹೇಳಿದವರಿಗೆ ಕೊಡಲೇಬೇಕು.

ಹಾಗಾಗಿ ಹಿಡಿಯೋಕೆ ಬಂದಾಗ ಎಳೆದಾಡಬೇಡಿ. ನೋವಿದ್ದರೆ ವೈದ್ಯರಿಗೆ ತೋರಿಸಿ, ವರದಿ ಕೇಳಿ ಪಡೀರಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ನಿಮ್ಮನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಅಲ್ಲಿ ಹೆದರಿ ಸುಮ್ಮನಾಗಬೇಡಿ, ನಡೆದಿದ್ದನ್ನ ಬಾಯಿಬಿಟ್ಟು ಹೇಳಿ.