ಮಹಾಮಾರಿಯ ಭಯವೂ ಸ್ನೇಹಧರ್ಮವೂ

(ಗುಡಗೇರಿಯಲ್ಲಿ ಶ್ರೀಮಠದ ಮಹೋತ್ಸವದ ಅಂಗವಾಗಿ ಕೂಡಿದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಸಭೆಯಲ್ಲಿ ಮಂಗಲಕರವಾದ ವಿಷಯವನ್ನು ಆರಿಸಿಕೊಂಡು ಮಾತನಾಡುವದು ವಾಡಿಕೆಯು. ನಾನಾದರೋ ಮಹಾಮಾರಿಯ ಹೆಸರೆತ್ತಿಕೊಂಡು ನಿಮ್ಮೆದುರಿಗೆ ನಿಂತಿರುವೆನು; ಇದಕ್ಕೆ ಹಿರಿಯರ ಕ್ಷಮೆಯಿರಲಿ. ಮಠದ ಆಯುಷ್ಯದ ವರ್ಷಗಳನ್ನು ಎಣಿಸಿ ಹಿಗ್ಗುವ ಈ ಹೊತ್ತಿನಲ್ಲಿ, ಮನೆ ಮಠಗಳ ಬಾಗಿಲುಗಳೆಲ್ಲ ಮುಚ್ಚಿದ್ದ ಆ ಎರಡು ವರ್ಷಗಳನ್ನು ಬಿಟ್ಟು ಎಣಿಸಿದರೆ ಲೆಕ್ಕವು ಸುಳ್ಳಾಗುವದು. ಆ ಕಾಲದಲ್ಲಿ ಸತ್ತವರಿಗಾಗಿ ನಾವು ಅತ್ತಿದ್ದೇವೆ. ಆದರೆ ಸಾಯದೆ ಉಳಿದವರ ನಡುವೆ ಸತ್ತುಹೋದ ಗೆಳೆತನಗಳಿಗಾಗಿ ಯಾರೂ ಅತ್ತಂತೆ ಕಾಣೆನು. ಇಂದು ಅದರ ವಿಚಾರವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ನಮ್ಮ ಸೀಮೆಗೆ ಮಹಾಮಾರಿಯು ಹೊಸಬಳಲ್ಲ. 1896ನೆಯ ಇಸವಿಯಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ ಧಾರವಾಡಗಳನ್ನು ಹಿಡಿದು ಅಲುಗಾಡಿಸಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅದು ಹುಬ್ಬಳ್ಳಿಯ ಕಡೆಯಿಂದ ರೈಲಿನ ಮಾರ್ಗವಾಗಿಯೇ ಬೆಂಗಳೂರನ್ನು ಮುಟ್ಟಿತು. ನಮ್ಮ ಗುಡಗೇರಿಯ ಮಗ್ಗುಲಲ್ಲಿ ಹಾಯ್ದುಹೋಗುವ ಹಳಿಯೇ ಆ ಮಾರ್ಗವು. ಜನರು ಊರನ್ನು ಬರಿದುಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲಿ ಬಿದ್ದ ಮನೆಯ ಕಡೆಗೆ ಯಾರೂ ಕಾಲಿಡಲಿಲ್ಲ. ಸರಕಾರವು 1897ನೆಯ ಇಸವಿಯ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಮನೆಗಳನ್ನು ಶೋಧಿಸಿತು, ರೋಗಿಗಳನ್ನು ಬೇರೆ ಒಯ್ದಿಟ್ಟಿತು. ಹಾಫ್ಕಿನ್ ಎಂಬ ವಿದ್ವಾಂಸನು ಸಿದ್ಧಪಡಿಸಿದ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯೊಂದರಲ್ಲಿಯೇ 30,000ಕ್ಕೂ ಮಿಕ್ಕಿ ಜನರು ಚುಚ್ಚಿಸಿಕೊಂಡರು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಗಂಟು ಬರುವ ಪ್ಲೇಗು ಬಹುತರವಾಗಿ ಇಲಿಯ ಮೈಮೇಲಿನ ಚಿಕ್ಕಾಡಿನಿಂದ ಬರುತ್ತದೆಂದು ಸಿಮೊನ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕಂಡುಹಿಡಿದನು. ಲೋಕವು ಅದನ್ನು ಒಪ್ಪಿಕೊಳ್ಳಲಿಕ್ಕೆ ಹತ್ತಿರ ಹತ್ತಿರ ಹತ್ತು ವರ್ಷಗಳು ಹಿಡಿದವು. ಅಷ್ಟರಲ್ಲಿ ಎಷ್ಟು ಜನರು ನಿರಪರಾಧಿಯಾದ ಗೆಳೆಯನ ಮೇಲೆ ಕದ ಹಾಕಿಕೊಂಡು, ಅಟ್ಟದ ಮೇಲಿನ ಇಲಿಯೊಡನೆ ಒಳಗೆ ಮಲಗಿದರೋ! ಭಯಕ್ಕೆ ಕಣ್ಣಿಲ್ಲದಿದ್ದರೆ ಹೀಗಾಗುವದು.

ಆದರೆ 2020ನೆಯ ಇಸವಿಯಲ್ಲಿ ಬಂದ ಕೊರೋನಾ ರೋಗದ ಬಗೆಯು ಬೇರೆ. ಇದು ನಿಶ್ಚಯವಾಗಿಯೂ ಉಸಿರಿನಿಂದ ಉಸಿರಿಗೆ ದಾಟುವ ರೋಗವು. ಆ ವರ್ಷದ ಮಾರ್ಚ್ 25ನೆಯ ದಿನ ದೇಶಕ್ಕೆಲ್ಲ ಬೀಗ ಬಿದ್ದಿತು, ಅಂದೇ ಯುಗಾದಿ. ಬೇವು ಬೆಲ್ಲವನ್ನು ಹಂಚಲಿಕ್ಕೆ ನೆರೆಮನೆಯ ಹೊಸ್ತಿಲನ್ನು ದಾಟದ ಯುಗಾದಿಯನ್ನು ನಮ್ಮಲ್ಲಿ ಬಹಳ ಮಂದಿ ಅದೇ ಮೊದಲು ಕಂಡರು. ಈ ಸಾರೆ ಗೆಳೆಯನ ಬಗ್ಗೆ ಭಯವು ಕುರುಡು ಭಯವಾಗಿದ್ದಿಲ್ಲ. ಗೆಳೆಯನು ತಿಳಿಯದೆಯೇ ನಮ್ಮ ಮನೆಗೆ ಮರಣವನ್ನು ತರಬಹುದಾಗಿತ್ತು. ನಾವೂ ಅವನ ಮನೆಗೆ ಒಯ್ಯಬಹುದಾಗಿತ್ತು. ಸರಕಾರದ ಲೆಕ್ಕದಂತೆಯೇ ನಮ್ಮ ದೇಶದಲ್ಲಿ 5,30,000ಕ್ಕಿಂತ ಹೆಚ್ಚು ಜನರು ಇದರಿಂದ ಅಳಿದರು. ಆದದ್ದರಿಂದ ಅಂಜಿದವರನ್ನು ಹೇಡಿಗಳೆಂದು ಹಳಿಯುವದು ನನ್ನ ಉದ್ದೇಶವಲ್ಲ. ನನ್ನ ಪ್ರಶ್ನೆಯು ಇಷ್ಟೇ: ಭಯವು ನ್ಯಾಯವಾದದ್ದಿದ್ದರೂ ಅದರ ಕೈಯಲ್ಲಿ ನಾವು ಎಷ್ಟನ್ನು ಒಪ್ಪಿಸಬೇಕು?

ಬಂಧುತ್ವಕ್ಕೆ ರಕ್ತದ ಕಟ್ಟುಂಟು. ಮುನಿಸಿಕೊಂಡ ತಮ್ಮನೂ ತಮ್ಮನೇ. ಆಸ್ತಿಯ ಕಾಗದವಾದರೂ ಅವನನ್ನು ಮರಳಿ ಕರೆಯುವದು. ಒಕ್ಕಲಿಗನಿಗೂ ನೆರೆಯವನಿಗೂ ಬದುವಿನ ಕಟ್ಟುಂಟು. ಸ್ನೇಹಕ್ಕಾದರೋ ಯಾವ ಕಾಗದವೂ ಇಲ್ಲ, ಬದುವೂ ಇಲ್ಲ. ಹೋಗಿಬರುವದೇ ಅದರ ಕಟ್ಟು; ಕಟ್ಟೆಯ ಮೇಲೆ ಕೂತು ಒಂದೇ ಚೀಟಿಯ ಎಲೆ ಅಡಿಕೆಯನ್ನು ಹಂಚಿಕೊಳ್ಳುವದೇ ಅದರ ಸಾಕ್ಷಿ. ಆ ಹೋಗಿಬರುವದು ನಿಂತೊಡನೆ, ಬೇರೆ ಸಂಬಂಧಗಳಿಗಿಂತ ಮೊದಲು ಸ್ನೇಹವು ನಿರಾಧಾರವಾಗುವದು. ಮಹಾಮಾರಿಯ ಪೆಟ್ಟು ಗೆಳೆತನಕ್ಕೆ ಹೆಚ್ಚು ಬೀಳಲಿಕ್ಕೆ ಕಾರಣವಿದು.

ಎರಡನೆಯ ಕಾರಣವನ್ನು ನೀವೆಲ್ಲ ಕಣ್ಣಾರೆ ಕಂಡಿರುವಿರಿ. ಇಬ್ಬರು ಗೆಳೆಯರ ಭಯವು ಒಂದೇ ಅಳತೆಯದಿರುವದಿಲ್ಲ. ಒಬ್ಬನ ಮನೆಯಲ್ಲಿ ಎಂಬತ್ತು ದಾಟಿದ ತಾಯಿ, ಇನ್ನೊಬ್ಬನ ಮನೆಯಲ್ಲಿ ದಿನಗೂಲಿಯಿಲ್ಲದೆ ಹಸಿದ ಮಕ್ಕಳು. ಮೊದಲನೆಯವನು “ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಾರಪ್ಪಾ” ಎಂದನು. ಎರಡನೆಯವನ ಕಿವಿಗೆ ಅದು “ನೀನು ಹೊಲಸು” ಎಂದು ಕೇಳಿಸಿತು. ಎರಡನೆಯವನು “ಇದೆಲ್ಲ ಸುಳ್ಳು, ಒಳಗೆ ಬಾ” ಎಂದನು. ಮೊದಲನೆಯವನ ಕಿವಿಗೆ ಅದು “ನಿನ್ನ ತಾಯಿ ಸತ್ತರೆ ನನಗೇನು” ಎಂದು ಕೇಳಿಸಿತು. ಇಬ್ಬರೂ ಹಾಗೆ ಅಂದಿದ್ದಿಲ್ಲ. ಆದರೂ ಇಬ್ಬರೂ ಹಾಗೆಯೇ ಕೇಳಿಕೊಂಡರು. ಭಯವು ನಾಲಗೆಯನ್ನು ಕೆಡಿಸುವದಕ್ಕಿಂತ ಮೊದಲು ಕಿವಿಯನ್ನು ಕೆಡಿಸುವದು.

ಇದಕ್ಕೆ ಒಂದು ಕೆಟ್ಟ ಶಬ್ದವೂ ಸಹಾಯ ಮಾಡಿತು. “ಸಾಮಾಜಿಕ ಅಂತರ” ಎಂಬದೇ ಆ ಶಬ್ದವು. ಬೇಕಾಗಿದ್ದದ್ದು ದೇಹದ ಅಂತರವು. ವಿಶ್ವ ಆರೋಗ್ಯ ಸಂಸ್ಥೆಯವರೂ 2020ರ ಮಾರ್ಚ್ ತಿಂಗಳಲ್ಲಿ ಇದನ್ನು ಅರಿತು, ದೈಹಿಕ ಅಂತರವೆನ್ನುವದೇ ಸರಿ ಎಂದು ತಿದ್ದಿದರು. ಆದರೆ ಅಷ್ಟರಲ್ಲಿ ಹಳೆಯ ಶಬ್ದವು ಊರೂರಿನ ಗೋಡೆಯನ್ನೇರಿತ್ತು. ಸಾವಿರಾರು ವರ್ಷ ಸಾಮಾಜಿಕ ಅಂತರವನ್ನೇ ಧರ್ಮವೆಂದು ಸಾಧಿಸಿದ ಈ ನಾಡಿಗೆ ಆ ಶಬ್ದವನ್ನು ಯಾರೂ ಕಲಿಸಬೇಕಾಗಿದ್ದಿಲ್ಲ.

ಇಲ್ಲಿ ನಮ್ಮ ಮತದ ವಿಚಾರವೂ ಬರುತ್ತದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಅಲ್ಲಗಳೆದರು. ಆ ಕಾಲದಲ್ಲಿ ಕೆಲವರು ನನ್ನ ಹತ್ತಿರ ಬಂದು, “ಸೂತಕವಿಲ್ಲದ ನಮಗೆ ಬಾಯಿಬಟ್ಟೆ ಯಾಕೆ?” ಎಂದು ಕೇಳಿದರು. ಬೇರೆ ಕೆಲವರು ಬೇನೆಯಿಂದೆದ್ದವನನ್ನು ಮೂರು ತಿಂಗಳಾದರೂ ಪಂಕ್ತಿಗೆ ಕರೆಯಲಿಲ್ಲ. ಮೊದಲಿನವರು ಸೋಂಕನ್ನು ಸೂತಕವೆಂದು ತಿಳಿದು ಅಲ್ಲಗಳೆದರು; ಎರಡನೆಯವರು ಸೋಂಕನ್ನು ಸೂತಕವೆಂದು ತಿಳಿದು ಪಾಲಿಸಿದರು. ತಪ್ಪು ಇಬ್ಬರದೂ ಒಂದೇ. ಸೋಂಕು ದೇಹದ್ದು, ಅದಕ್ಕೆ ದಿನಗಳ ಎಣಿಕೆಯುಂಟು, ಆ ದಿನಗಳು ಕಳೆದರೆ ಅದು ಹೋಗುವದು. ಸೂತಕವು ಮನಸ್ಸಿನದು; ಅದು ಮನುಷ್ಯನಿಗೇ ಅಂಟುವದು, ಎಣಿಕೆ ಮುಗಿದರೂ ಬಿಡದು. ಸೋಂಕಿನ ಎಚ್ಚರವನ್ನು ಇಟ್ಟುಕೊಳ್ಳುವದು ವಿವೇಕವು. ಎದ್ದು ಬಂದವನನ್ನು ದೂರವಿಡುವದು ಆರನೆಯ ಸೂತಕವನ್ನು ಹುಟ್ಟಿಸಿದಂತೆ. ರೋಗಿಗಳಿದ್ದ ಮನೆಗಳ ಬಾಗಿಲಿಗೆ ಚೀಟಿ ಅಂಟಿಸುವ ರೂಢಿ ಆಗ ಇತ್ತು. ಕಾಯಿದೆಯ ಪ್ರಕಾರ ನಿರ್ದಿಷ್ಟ ಆಜ್ಞೆಯಿಲ್ಲದೆ ಹಾಗೆ ಅಂಟಿಸಬಾರದೆಂದು 2020ರ ದಶಂಬರದಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಬಾಗಿಲಿನ ಚೀಟಿಯನ್ನು ಕಿತ್ತುಹಾಕಬಹುದು. ನಮ್ಮ ಕಣ್ಣುಗಳು ಅಂಟಿಸಿದ ಚೀಟಿಯನ್ನು ಕೀಳುವವರು ಯಾರು?

ಇಷ್ಟು ಹೇಳಿದ ಮೇಲೆ ಸ್ವಂತದ ಮಾತೊಂದನ್ನು ಬಚ್ಚಿಟ್ಟರೆ ಈ ಉಪನ್ಯಾಸವು ಬರಿಯ ಬಾಯಿಮಾತಾಗುವದು. ನನಗೆ ಎಂಟು ವರ್ಷ ವಯಸ್ಸಿನಿಂದ ಒಬ್ಬ ಗೆಳೆಯನುಂಟು. ನಾನು ಪಾಠಶಾಲೆಗೆ ಹೋದೆನು; ಅವನು ಒಕ್ಕಲುತನಕ್ಕೆ ನಿಂತನು. ನಾನು ರಜೆಗೆ ಬಂದಾಗಲೆಲ್ಲ ಅವನ ಹೊಲದ ಬೇವಿನ ಗಿಡದ ಕೆಳಗೇ ನನ್ನ ಓದು. 2021ನೆಯ ಇಸವಿಯ ಮೇ ತಿಂಗಳಲ್ಲಿ, ರೋಗದ ಎರಡನೆಯ ಅಲೆಯು ಹಳ್ಳಿಗಳನ್ನು ಹೊಕ್ಕಾಗ, ಅವನ ಹೆಂಡತಿಗೆ ಜ್ವರ ಬಂದಿತು. ಒಂದು ರಾತ್ರಿ ಅವನು ನನಗೆ ಮೂರು ಸಾರೆ ಫೋನು ಮಾಡಿದನು. ನಾನು ಹೆಸರನ್ನು ನೋಡಿದೆನು, ಎತ್ತಲಿಲ್ಲ.

ಯಾಕೆ ಎತ್ತಲಿಲ್ಲ? ಹುಬ್ಬಳ್ಳಿಯ ಆಸ್ಪತ್ರೆಗೆ ಜೊತೆಗೆ ಬಾ ಎಂದು ಕರೆದಾನೆಂದು ಅಂಜಿದೆನು. ಮನೆಯಲ್ಲಿ ಮುದಿ ತಾಯಿಯಿದ್ದಳು. ಅವಳ ಕಾರಣವು ನಿಜವೂ ಆಗಿತ್ತು, ನೆವವೂ ಆಗಿತ್ತು. ಫೋನಿನಲ್ಲಿ ರೋಗವು ದಾಟುವದಿಲ್ಲವೆಂಬದು ಕೂಸಿಗೂ ಗೊತ್ತಿದ್ದ ಸಂಗತಿ. ಆಗ ಫೋನು ಮಾಡಿದರೆ ರೋಗದ ವಿಚಾರವಾಗಿ ಸರಕಾರದ ಧ್ವನಿಯೊಂದು ಮೊದಲು ಕೇಳಿಸುತ್ತಿತ್ತು. ಆ ಧ್ವನಿಯು ಅವನಿಗೆ ಮೂರು ಸಾರೆ ಕೇಳಿಸಿರಬೇಕು. ನನ್ನದು ಒಂದು ಸಾರೆಯೂ ಕೇಳಿಸಲಿಲ್ಲ.

ಬಸವಜಯಂತಿಯ ಹಿಂದಿನ ದಿನ ಆ ತಾಯಿ ಲಿಂಗೈಕ್ಯಳಾದಳು. ಮೈತುಂಬ ಅಂಗಿ ತೊಟ್ಟ ನಾಲ್ಕು ಜನರು ಮಣ್ಣು ಮಾಡಿದರೆಂದು ಕೇಳಿದೆನು. ಹೋಗುವಂತಿರಲಿಲ್ಲ, ಅದು ಸತ್ಯ. ಆದರೆ ಫೋನು ಮಾಡುವಂತಿತ್ತು. ಮೊದಲ ದಿನ ಏನು ಹೇಳಲೆಂದು ತಿಳಿಯಲಿಲ್ಲ. ಎಂಟು ದಿನಗಳಾದ ಮೇಲೆ, ಇಷ್ಟು ತಡವಾಗಿ ಹೇಗೆ ಮಾತನಾಡಲಿ ಎನಿಸಿತು. ತಿಂಗಳಾದ ಮೇಲೆ ಅವನ ಓಣಿಯನ್ನೇ ತಪ್ಪಿಸಿ ನಡೆದೆನು. ಮಹಾಶಯರೇ, ನನ್ನ ಅನುಭವವನ್ನು ಕೇಳಿರಿ: ಭಯವು ಹದಿನಾಲ್ಕು ದಿವಸಗಳಲ್ಲಿ ಇಳಿಯಿತು, ಲಜ್ಜೆಯು ಐದು ತಿಂಗಳು ಏರುತ್ತಲೇ ಹೋಯಿತು. ಸ್ನೇಹವನ್ನು ಭಯವು ಗಾಯಗೊಳಿಸುವದು ಮಾತ್ರ. ಕೊಲ್ಲುವದು ಆ ಮೇಲಿನ ಲಜ್ಜೆಯು.

ಅಕ್ಟೋಬರ್ 15ನೆಯ ದಿನ ವಿಜಯದಶಮಿ. ನಮ್ಮ ಸೀಮೆಯಲ್ಲಿ ಆ ಸಂಜೆ ಬನ್ನಿಯನ್ನು ಕೊಟ್ಟು, ಬಂಗಾರದಂತೆ ಇರೋಣವೆಂದು ಹೇಳಿ, ಹಗೆತನವಿದ್ದವರೂ ಕೈಕೂಡಿಸುವರಷ್ಟೆ. ನನ್ನ ತಾಯಿಯು ಬನ್ನಿಯ ಎಲೆಗಳನ್ನು ನನ್ನ ಕೈಯಲ್ಲಿಟ್ಟು ಅವನ ಮನೆಯ ಹೆಸರನ್ನು ಹೇಳಿದಳು. ಹೋದೆನು. ಅವನು ಪಡಸಾಲೆಯಲ್ಲಿ ಕೂತಿದ್ದನು. ನಾನು ನಿಂತಲ್ಲಿಯೇ, “ಆ ರಾತ್ರಿ ಫೋನು ಬಂದದ್ದನ್ನು ನೋಡಿದೆ, ಅಂಜಿ ಎತ್ತಲಿಲ್ಲ” ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ನೀ ಬರಲಿಲ್ಲಂತ ನನಗ ಸಿಟ್ಟಿಲ್ಲ. ಬಂದಿದ್ದರ ನಾನೇ ಹೊರಗ ನಿಲ್ಲು ಅಂತಿದ್ದೆ. ಗಾಡಿ ಆಗಲೇ ಗೊತ್ತಾಗಿತ್ತು. ಅಕಿ ಕೈ ತಣ್ಣಗಾಗಲಿಕ್ಕೆ ಹತ್ತಿತ್ತು, ಗಾಡಿ ಬರೋತನಕ ಯಾರದರ ಧ್ವನಿ ಕೇಳಬೇಕು ಅನ್ನಿಸ್ತು, ಅದಕ್ಕ ಮಾಡಿದ್ದೆ” ಎಂದನು.

ಯಾವದನ್ನು ಬೇಡುವನೆಂದು ನಾನು ಅಂಜಿ ಅಡಗಿದೆನೋ ಅದನ್ನು ಅವನು ಬೇಡಿಯೇ ಇದ್ದಿಲ್ಲ. ಅವನಿಗೆ ಬೇಕಾಗಿದ್ದದ್ದು ಕೊಡಲಿಕ್ಕೆ ಯಾವ ಅಪಾಯವೂ ಇಲ್ಲದ ವಸ್ತುವು. ಬನ್ನಿಯನ್ನು ತೆಗೆದುಕೊಂಡನು, ಬಂಗಾರದ ಮಾತನ್ನು ಮಾತ್ರ ಅಂದು ಆಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಅಂದಿನಿಂದ ವಾರಕ್ಕೊಮ್ಮೆ ಹೋಗಿ ಕೂತು ಬರತೊಡಗಿದೆನು. 2022ರ ದಸರೆಗೆ ಅವನೇ ನಮ್ಮ ಮನೆಗೆ ಬಂದನು. ಆಗ ಆ ಮಾತನ್ನು ಆಡಿದನು.

ಇದು ನಮ್ಮ ಕಾಲದ ದೋಷವೊಂದೇ ಎಂದು ತಿಳಿಯಬೇಡಿರಿ. ಕ್ರಿಸ್ತಪೂರ್ವ 430ರಲ್ಲಿ ಗ್ರೀಸ್ ದೇಶದ ಅಥೆನ್ಸ್ ನಗರಕ್ಕೆ ಮಹಾಮಾರಿ ಬಂದಾಗಿನ ವೃತ್ತಾಂತವನ್ನು ಅದೇ ಬೇನೆಯಿಂದ ಎದ್ದ ಥುಸಿಡಿಡೀಸನೆಂಬ ಇತಿಹಾಸಕಾರನು ಬರೆದಿಟ್ಟಿದ್ದಾನೆ. ಅಂಜಿ ದೂರವಿದ್ದವರಿಂದ ರೋಗಿಗಳು ಒಂಟಿಯಾಗಿ ಸತ್ತರು. ಲಜ್ಜೆಗಾಗಿ ಗೆಳೆಯರ ಮನೆಗೆ ಹೋದವರು ತಾವೂ ಸತ್ತರು. ಬೇನೆಯಿಂದ ಎದ್ದವರೇ ರೋಗಿಗಳ ಮೇಲೆ ಹೆಚ್ಚು ದಯೆ ತೋರಿದರು, ಏಕೆಂದರೆ ಅವರಿಗೆ ನೋವೂ ಗೊತ್ತಿತ್ತು, ಮರಳಿ ಪ್ರಾಣಾಪಾಯವಾಗದೆಂಬ ಧೈರ್ಯವೂ ಇತ್ತು ಎಂದು ಅವನ ಬರವಣಿಗೆಯ ಸಾರವು. ಆ ಅಥೆನ್ಸಿನವರಿಗೆ ಎರಡೇ ದಾರಿಗಳಿದ್ದವು: ಹೋಗಿ ಸಾಯುವದು, ಇಲ್ಲವೆ ಬಿಟ್ಟು ಬದುಕುವದು. ನಮಗೆ ಮೂರನೆಯ ದಾರಿಯಿತ್ತು. ದೂರದಲ್ಲಿದ್ದೇ ಕೂಗಿ ಮಾತನಾಡಿಸಬಹುದಾಗಿತ್ತು. ಕಟ್ಟೆಯ ಮೇಲೆ ಬುತ್ತಿಯನ್ನಿಟ್ಟು ಬರಬಹುದಾಗಿತ್ತು. 2021ರ ಜನವರಿ 16ರಿಂದ ದೇಶದಲ್ಲಿ ಲಸಿಕೆಯೂ ಮೊದಲಾಗಿತ್ತು. ಆದದ್ದರಿಂದ ನಮ್ಮ ತಪ್ಪು ಅವರ ತಪ್ಪಿಗಿಂತ ದೊಡ್ಡದು.

ಇನ್ನೊಂದು ಮಹಾಮಾರಿ ಬರಲಾರದೆಂದು ಯಾರೂ ಹೇಳಲಾರರು. ಅದಕ್ಕಾಗಿ ಮೂರು ವಿನಂತಿಗಳು. ಮೊದಲನೆಯದು, ನಿಮ್ಮ ಭಯವನ್ನು ಗೆಳೆಯನಿಗೆ ಬಾಯಿಬಿಟ್ಟು ಹೇಳಿರಿ. “ಅಂಜಿಕೆಯಾಗಿದೆ, ಒಳಗೆ ಕರೆಯಲಾರೆ” ಎಂದರೆ ಅವನು ಸಹಿಸುವನು. ಮೌನದಿಂದ ಮುಚ್ಚಿದ ಕದವನ್ನು ಸಹಿಸಲಾರನು. ಎರಡನೆಯದು, ದೇಹವು ದೂರವಿರಬೇಕಾದಾಗ ಧ್ವನಿಯನ್ನು ಎಂದಿಗಿಂತ ಹತ್ತಿರ ತರಿರಿ. ದಾಸೋಹವೆಂದರೆ ಅನ್ನವೊಂದೇ ಅಲ್ಲ. ಒಂಟಿಯಾದವನಿಗೆ ಒಂದು ಮಾತೂ ದಾಸೋಹವೇ. ಮೂರನೆಯದು, ತಪ್ಪಿದ್ದರೆ ತಡವಾಯಿತೆಂದು ನಿಲ್ಲಬೇಡಿರಿ. ಐದು ತಿಂಗಳು ತಡವಾಗಿ ಹೋದದ್ದಕ್ಕೆ ನನಗೆ ಪಶ್ಚಾತ್ತಾಪವುಂಟು, ಹೋದದ್ದಕ್ಕೆ ಇಲ್ಲ.

ಈ ಸಭೆಯಲ್ಲಿ ಕೂತವರಲ್ಲಿ ಕೆಲವರಿಗಾದರೂ, ಆ ಎರಡು ವರ್ಷಗಳ ತರುವಾಯ ಮಾತು ಬಿಟ್ಟ ಗೆಳೆಯನೊಬ್ಬನು ಇದ್ದೇ ಇರುವನು. ಅವನೂ ಇದೇ ಮಂಟಪದಲ್ಲಿ ಬೇರೆ ಕಂಬಕ್ಕೆ ಒರಗಿ ಕೂತಿರಬಹುದು. ಪ್ರಸಾದದ ಪಂಕ್ತಿಯಲ್ಲಿ ಇಂದು ಅವನ ಮಗ್ಗುಲಿಗೆ ಹೋಗಿ ಕೂಡಿರಿ. ಶ್ರೀಮಠದ ಮಹೋತ್ಸವಕ್ಕೆ ಅದಕ್ಕಿಂತ ಹೆಚ್ಚಿನ ಕಾಣಿಕೆಯನ್ನು ನಾನು ಕಾಣೆನು.