ಚಳಿಗಾಲದಲ್ಲಿ ಕೂಡಿ ಬಿಡಾರ
(ಯುವಕ ಮಂಡಲಿ ಮತ್ತು ಮಹಿಳಾ ಸಮಾಜದ ಜಂಟಿ ಕೂಟದಲ್ಲಿ ಮಾಡಿದ ಭಾಷಣ)



ರಾಗಿಗೆ ಈಗತಾನೆ ಕಳೆ ತೆಗೆದು ಮುಗಿಸಿದ್ದೀರಿ. ಇಷ್ಟು ಬೇಗ ಚಳಿಗಾಲದ ಮಾತೇಕೆ ಎಂದು ನೀವು ಕೇಳಬಹುದು. ಚಳಿಗಾಲದ ಕೆಲಸಕ್ಕೆ ಮಳೆಗಾಲದಲ್ಲೇ ಲೆಕ್ಕ ಹಾಕಿದರೆ ಕೈ ಸುಡುವುದಿಲ್ಲ. ಆದ್ದರಿಂದಲೇ ಈ ದಿನ ಈ ವಿಷಯ ಎತ್ತಿಕೊಂಡಿದ್ದೇನೆ.

ಕಳೆದ ಕೂಟದಲ್ಲಿ ಒಬ್ಬ ತಾಯಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಅವರ ಯಜಮಾನರಿಗೆ ಪೀಣ್ಯದಲ್ಲಿ ರಾತ್ರಿ ಪಾಳಿ, ಮಗಳಿಗೆ ವೈಟ್‌ಫೀಲ್ಡಿನಲ್ಲಿ ಬೆಳಗಿನ ಪಾಳಿ. ಮನೆಯ ನಾಲ್ವರೂ ಒಟ್ಟಿಗೆ ಕುಳಿತು ಉಂಡು ತಿಂಗಳಾಯಿತಂತೆ. ನಮ್ಮ ಕಡೆ ಇದು ಒಂದು ಮನೆಯ ಕಥೆಯಲ್ಲ. ಎಲೆಕ್ಟ್ರಾನಿಕ್ ಸಿಟಿ ಎದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಎರಡು ಹಳ್ಳಿಗಳ 332 ಎಕರೆ ನೆಲದ ಮೇಲೆ, 1970ರ ದಶಕದ ಕೊನೆಯಲ್ಲಿ. ಅಲ್ಲಿಂದೀಚೆಗೆ ಸುತ್ತಣ ಎಷ್ಟೋ ಹೊಲಗಳು ಬಡಾವಣೆಗಳಾದವು. ನೊಗ ಹೊತ್ತ ಹಳ್ಳಿಕಾರ್ ಜೋಡಿಯನ್ನು ನಮ್ಮ ಮಕ್ಕಳು ಚಿತ್ರದಲ್ಲಿ ನೋಡಿದ್ದಾರೆ, ಅಷ್ಟೆ.

ನಮ್ಮ ಅಜ್ಜಂದಿರು ಗಾಡಿ ಕಟ್ಟಿ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋಗುತ್ತಿದ್ದರು. ದೊಡ್ಡಬಳ್ಳಾಪುರ ತಾಲ್ಲೂಕಿನ ಆ ಜಾತ್ರೆಗೆ ಇಂದಿಗೂ ರೈತರು ಎತ್ತು ಹೊಡೆದುಕೊಂಡು ಬಂದು, ಚಪ್ಪರದಡಿ ಹುಲ್ಲು ಹಾಸಿ, ಮುದ್ದೆ ಬೇಯಿಸಿಕೊಂಡು ಚಳಿ ಕಳೆಯುತ್ತಾರೆ. ಎಂಟು ಸಂಸಾರ ಕೂಡಿ, ಜಾತ್ರೆಯ ಆಸುಪಾಸಿನ ತೋಟದ ಗುಡಿಸಲುಗಳಲ್ಲಿ ಎರಡು ರಾತ್ರಿ ಬಿಡಾರ ಹೂಡೋಣ ಎಂಬುದು ನನ್ನ ಸಲಹೆ. ಸಾಲ ಮಾಡಬೇಕಾಗಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ.

ಮೊದಲು ಹಣದ ಮಾತು. ಘಾಟಿಯ ರಥೋತ್ಸವ ಪುಷ್ಯ ಶುದ್ಧ ಷಷ್ಠಿಯಂದು. ವಿಜಯದಶಮಿಯಿಂದ ಅಲ್ಲಿಗೆ ಸುಮಾರು 12 ವಾರ. ಸಂಸಾರಕ್ಕೆ ವಾರಕ್ಕೆ 50 ರೂಪಾಯಿಯಂತೆ ಹಾಕಿದರೆ ಒಂದು ಮನೆಗೆ 600, ಎಂಟು ಮನೆಗೆ 4,800 ರೂಪಾಯಿ ಕೂಡುತ್ತದೆ. ಇದರಲ್ಲಿ 1,000 ರೂಪಾಯಿ ಆಪತ್ತಿನ ಗಂಟು, ಅದನ್ನು ಮುಟ್ಟಕೂಡದು. ಏನೂ ಆಗದಿದ್ದರೆ ಹಿಂತಿರುಗಿ ಬಂದ ಮೇಲೆ ಹಂಚಿಕೊಳ್ಳಬಹುದು. ಉಳಿದದ್ದು ಗುಡಿಸಲಿನ ಬಾಡಿಗೆಗೆ, ಸೌದೆಗೆ, ಗಂಡಸರ ಬಸ್ ಚಾರ್ಜಿಗೆ. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಅಗ್ಗವೆಂದು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೊರಡುವುದು ಬೇಡ. ಹಣ ಉಳಿಸುವುದಕ್ಕೂ ಒಂದು ಮಿತಿಯುಂಟು. ಲೆಕ್ಕ ಬರೆಯುವವರು ಒಬ್ಬರು, ಹಣ ಇಟ್ಟುಕೊಳ್ಳುವವರು ಇನ್ನೊಬ್ಬರು ಇರಲಿ. ಪ್ರತಿ ವಾರ ಲೆಕ್ಕವನ್ನು ಎಲ್ಲರೆದುರು ಓದಿ ಹೇಳಲಿ.

ಇನ್ನು ದಿನಸಿ. ಎಂಟು ಸಂಸಾರವೆಂದರೆ ಮಕ್ಕಳೂ ಸೇರಿ 32 ಜನ ಎಂದಿಟ್ಟುಕೊಳ್ಳಿ. ಪ್ರತಿ ಮನೆಯಿಂದ ಒಂದೂವರೆ ಕಿಲೋ ರಾಗಿ ಹಿಟ್ಟು, ಎರಡು ಕಿಲೋ ಅಕ್ಕಿ, ಅರ್ಧ ಕಿಲೋ ಬೇಳೆ, ಒಂದು ಕಿಲೋ ಅವರೆಕಾಯಿ ತಂದರೆ ಮೂರು ದಿನದ ಊಟ ತೂಗುತ್ತದೆ. ಆ ಹೊತ್ತಿಗೆ ಸೊಗಡವರೆ ಇಬ್ಬನಿ ಕುಡಿದು ಬಲಿತಿರುತ್ತದೆ. ಕಾಯಿ ಸುಲಿಯುವ ಕೆಲಸ ಮಕ್ಕಳಿಗೆ ಬಿಡಿ. ಅದೇ ಅವರಿಗೆ ಆಟ. ನೀರು ತಲೆಗೆ ದಿನಕ್ಕೆ 20 ಲೀಟರ್ ಬೇಕು, ಎಂದರೆ ದಿನಕ್ಕೆ 640 ಲೀಟರ್. ತೋಟದವರ ಹತ್ತಿರ ಅಷ್ಟು ನೀರಿದೆಯೇ ಎಂದು ಮೊದಲೇ ಹೋಗಿ ನೋಡಿಕೊಂಡು ಬನ್ನಿ. ಕುಡಿಯುವ ನೀರನ್ನು ಕುದಿಸಿ ಆರಿಸಿಡಿ. ಪಾಯಿಖಾನೆ ಇಲ್ಲದ ಕಡೆ, ಬಾವಿಯಿಂದ 100 ಅಡಿ ದೂರದಲ್ಲಿ ಗುಂಡಿ ತೋಡಿ, ಗೋಣಿಯ ಮರೆ ಕಟ್ಟಿ, ಪ್ರತಿ ಸಲವೂ ಮಣ್ಣು ಮುಚ್ಚಬೇಕು. ಹೆಂಗಸರ ಮರೆಗೆ ದೀಪವೂ ಇರಲಿ. ಷಷ್ಠಿಯ ಚಂದ್ರ ನಡುರಾತ್ರಿಗೆ ಮುಳುಗಿಬಿಡುತ್ತಾನೆ, ಆಮೇಲೆ ಕಗ್ಗತ್ತಲೆ.

ಗುಡಿಸಲು ಆರಿಸುವಾಗ ಗಾಳಿ ನೋಡಿ. ಆ ತಿಂಗಳುಗಳಲ್ಲಿ ನಮಗೆ ಹೆಚ್ಚಾಗಿ ಮೂಡಣ ಗಾಳಿ. ಬಾಗಿಲು ಪಡುವಣಕ್ಕೋ ತೆಂಕಣಕ್ಕೋ ಇರುವುದು ಒಳಿತು. 12 ಅಡಿ ಉದ್ದ, 10 ಅಡಿ ಅಗಲದ ಗುಡಿಸಲಿಗೆ ಎಂಟು ಜನ ಸಾಕು. ಚಳಿ ಗಾಳಿಯಿಂದ ಬಂದಷ್ಟೇ ನೆಲದಿಂದಲೂ ಏರುತ್ತದೆ. ಒಂದು ಗೇಣು ದಪ್ಪ ಒಣಹುಲ್ಲು ಹಾಸಿ, ಮೇಲೆ ಚಾಪೆ, ಅದರ ಮೇಲೆ ಕಂಬಳಿ ಹಾಕಿ. ಹುಲ್ಲನ್ನು ಕೋಲಿನಿಂದ ಬಡಿದು ಕೊಡವಿದ ಮೇಲೆಯೇ ಹಾಸಬೇಕು. ಹಾವು ಚೇಳು ಬೆಚ್ಚಗೆ ಸೇರಿಕೊಂಡಿರಬಹುದು.

ಬಂಧುಗಳೇ, ಇನ್ನು ಬೆಂಕಿಯ ಮಾತು. ಈ ಭಾಷಣದಲ್ಲಿ ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ನಾಲ್ಕು ವರ್ಷದ ಹಿಂದೆ, ಕೃಷಿ ಡಿಪ್ಲೊಮಾ ಮುಗಿಸಿ ಹೊಸದಾಗಿ ಹಳ್ಳಿ ಕೆಲಸಕ್ಕೆ ಬಂದಿದ್ದೆ. ಇಂಥದೇ ಒಂದು ಬಿಡಾರಕ್ಕೆ ಹೋಗಿದ್ದೆವು. ರಾತ್ರಿ ತುಂತುರು ಬಿದ್ದು ಚಳಿ ಹೆಚ್ಚಿತು. ಒಂದು ಗುಡಿಸಲಿನಲ್ಲಿ ಒಬ್ಬ ತಾಯಿ, ಅವರ ಇಬ್ಬರು ಮಕ್ಕಳು ನಡುಗುತ್ತಿದ್ದರು. ಹೊಗೆಯಾಡದ ಕೆಂಡವನ್ನು ಬಾಣಲೆಗೆ ತುಂಬಿ ಒಳಗಿಟ್ಟು, ತಟ್ಟಿ ಬಾಗಿಲು ಮುಚ್ಚಿ, ಗೋಣಿಯಿಂದ ಸಂದಿಯನ್ನೂ ಮುಚ್ಚಿ ಬಂದೆವು. ಉಪಕಾರ ಮಾಡಿದೆವೆಂದೇ ಮಲಗಿದೆವು. ಬೆಳಗಿನ ಜಾವ ದೊಡ್ಡ ಹುಡುಗ ವಾಂತಿ ಮಾಡುವ ಸದ್ದು ಕೇಳಿ ಓಡಿದೆವು. ತಾಯಿಗೆ ಎದ್ದು ನಿಲ್ಲಲಾಗಲಿಲ್ಲ. ಚಿಕ್ಕ ಮಗು ಎಷ್ಟು ಕರೆದರೂ ಕಣ್ಣು ಬಿಡಲಿಲ್ಲ. ಹೊರಗೆ ಎಳೆದು ಗಾಳಿಗೆ ಮಲಗಿಸಿದೆವು, 108ಕ್ಕೆ ಕರೆ ಮಾಡಿದೆವು. ಆಸ್ಪತ್ರೆಯಲ್ಲಿ ಮೂವರೂ ಉಳಿದರು. ಆ ಹುಡುಗ ವಾಂತಿ ಮಾಡದೆ ಮಲಗಿದ್ದಲ್ಲೇ ಮಲಗಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಆ ಬಾಣಲೆಯನ್ನು ಕೈಯಾರೆ ಒಳಗಿಟ್ಟವನು ನಾನೇ.

ಕೆಂಡ ಅರೆಬರೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಹೋಗಿ ರಕ್ತಕ್ಕೆ ಅಂಟಿಕೊಂಡು, ಪ್ರಾಣವಾಯುವಿಗೆ ಜಾಗ ಬಿಡುವುದಿಲ್ಲ. ತಲೆನೋವು, ತಲೆಸುತ್ತು, ವಾಂತಿ, ಆಮೇಲೆ ಎಚ್ಚರ ತಪ್ಪುವುದು. ನಿದ್ದೆಯಲ್ಲಿರುವವನಿಗೆ ಮೊದಲ ಮೂರೂ ತಿಳಿಯದೆ ಹೋಗಬಹುದು. ಹೊಗೆಯಿಲ್ಲದ ಕೆಂಡ ನಿರಪಾಯವೆಂದು ನಾವು ತಿಳಿದಿದ್ದೇವೆ, ಅದು ತಪ್ಪು. ಇದ್ದಿಲ ಅಗ್ಗಿಷ್ಟಿಕೆಗೂ ಗ್ಯಾಸ್ ಒಲೆಗೂ ಇದೇ ಮಾತು. ಮನೆಯಲ್ಲಿ ಬಾಣಂತಿಯ ಕೋಣೆಗೆ ಕೆಂಡವಿಟ್ಟು ಕಿಟಕಿ ಮುಚ್ಚುವ ತಾಯಂದಿರೂ ಇದನ್ನು ಗಮನಿಸಬೇಕು.

ಆದ್ದರಿಂದ ಕಟ್ಟುಪಾಡು ಒಂದೇ: ಬೆಂಕಿ ಹೊರಗೆ, ಮನುಷ್ಯ ಒಳಗೆ. ಒಲೆಯನ್ನು ಗುಡಿಸಲಿನ ಪಡುವಣಕ್ಕೆ, 30 ಅಡಿ ದೂರದಲ್ಲಿ ಹೂಡಿ. ಮೂಡಣ ಗಾಳಿಗೆ ಕಿಡಿ ಸೋಗೆಯ ಕಡೆ ಹಾರುವುದಿಲ್ಲ. ಗಾಳಿ ತಿರುಗಿದರೆ ಒಲೆ ಆರಿಸಿ. ಮೆದೆಯ ಹತ್ತಿರ ಬೆಂಕಿ ಬೇಡವೇ ಬೇಡ. ಮಲಗುವ ಮುನ್ನ ಇಬ್ಬರು ಹೋಗಿ ಕೆಂಡಕ್ಕೆ ನೀರು ಹೊಯ್ದು, ಕೈಯಿಟ್ಟು ನೋಡಿ ಬರಲಿ. ಚಳಿ ತಡೆಯದವರಿಗೆ ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಿದ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಡಿ.

ಇನ್ನೆರಡು ಮಾತು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನದ ಜಾತ್ರೆಗಳನ್ನು ತಡೆದಿದ್ದರು. ಹೊರಡುವ ಮುಂಚೆ ಪಶುವೈದ್ಯರನ್ನು ವಿಚಾರಿಸಿ. ಹಿಂತಿರುಗಿದ ಮೇಲೆ ಮೆಟ್ಟು, ಬಟ್ಟೆ ಒಗೆಯದೆ ನಿಮ್ಮ ಕೊಟ್ಟಿಗೆಗೆ ಕಾಲಿಡಬೇಡಿ. ಕಾಲುಬಾಯಿ ಜ್ವರ ಮೆಟ್ಟಿನ ಮಣ್ಣಿನಲ್ಲೂ ಬರುತ್ತದೆ. ಅಷ್ಟು ದೂರ ಬೇಡ, ಆನೇಕಲ್ ಕಡೆಯ ತೋಟವೇ ಸಾಕು ಎನ್ನುವವರು ಬನ್ನೇರುಘಟ್ಟದ ಕಾಡಂಚನ್ನು ಬಿಟ್ಟು ಜಾಗ ನೋಡಿ. ರಾಗಿ ಬಲಿಯುವ ಕಾಲಕ್ಕೆ ಆನೆಗಳು ಹೊಲಕ್ಕೆ ಇಳಿಯುತ್ತವೆ.

ಲೆಕ್ಕ ಬರೆಯಲು ಒಬ್ಬರು, ಹಣ ಇಟ್ಟುಕೊಳ್ಳಲು ಒಬ್ಬರು ಈಗಲೇ ಹೆಸರು ಕೊಡಿ. ಬೆಂಕಿ ಕಾಯುವ ಕೆಲಸಕ್ಕೆ ಯಾರೂ ಬೇಡ. ಎರಡು ರಾತ್ರಿಯೂ ಅದು ನನ್ನ ಪಾಲಿಗಿರಲಿ.